ಓದಲು ಬಂದ ಊರಿನಲ್ಲಿ ಬಾಡಿಗೆ ಮನೆ: ಹುಡುಕುವ ದಿನದಿಂದ ಅಡ್ವಾನ್ಸ್ ಕೈಗೆ ಬರುವವರೆಗೆ

ಕಾಲೇಜು ಪ್ರವೇಶದ ಕಾಲ ಬಂತೆಂದರೆ ಓದುಗರಿಂದ ಅವವೇ ಪ್ರಶ್ನೆಗಳು. "ಮನೆ ಖಾಲಿ ಮಾಡಿ ಎರಡು ತಿಂಗಳಾಯಿತು, ಅಡ್ವಾನ್ಸ್ ಕೇಳಿದರೆ ಇಂದು ನಾಳೆ ಎಂದು ಸತಾಯಿಸುತ್ತಿದ್ದಾರೆ, ಏನು ಮಾಡಲಿ?" "ವಾರದೊಳಗೆ ಜಾಗ ಖಾಲಿ ಮಾಡಿ ಎಂದು ಮಾಲೀಕರು ಹೇಳಿದ್ದಾರೆ, ಹಾಗೆ ಹೇಳಲು ಬರುತ್ತದೆಯೇ?" "ನಮ್ಮ ಹತ್ತಿರ ಕರಾರು ಪತ್ರವೇ ಇಲ್ಲ, ಹಾಗಾದರೆ ನಮಗೆ ಹಕ್ಕೇ ಇಲ್ಲವೇ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆಯುವುದು ಮೇಲು ಎಂದು ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಬೆಂಗಳೂರಿನ ರೂಢಿ. ಧಾರವಾಡದ ಸಪ್ತಾಪುರದಲ್ಲೋ ಮೈಸೂರಿನ ಸರಸ್ವತಿಪುರಂನಲ್ಲೋ ಕೋಣೆ ಹುಡುಕುವವರಿಗೂ ಕಾನೂನು ಇದೇ. ಅಲ್ಲಿ ಅಡ್ವಾನ್ಸ್ ಹೊರೆ ಕಡಿಮೆ, ಅಷ್ಟೇ ವ್ಯತ್ಯಾಸ. ಮನೆ ಬಿಡುವಾಗ ಏಳುವ ಜಗಳಗಳಲ್ಲಿ ಹೆಚ್ಚಿನವುಗಳ ಬೇರು ಮನೆ ಹಿಡಿದ ದಿನದಲ್ಲೇ ಇರುತ್ತದೆ. ಆ ದಿನ ಕೇಳಲು ಸಂಕೋಚಪಟ್ಟ ಪ್ರಶ್ನೆ, ಓದದೆ ಸಹಿ ಹಾಕಿದ ಪುಟ, ರಶೀದಿ ಇಲ್ಲದೆ ಕೊಟ್ಟ ನಗದು, ಇವೇ ಕೊನೆಗೆ ಕಾಡುತ್ತವೆ. ಆದ್ದರಿಂದ ಮೊದಲ ಹಂತಗಳನ್ನು ಹಾರಿಸಿ ಓದಬೇಡಿ.

ಮೊದಲು ಕೈಯಲ್ಲಿ ಇರಬೇಕಾದದ್ದು

ಕಾಲೇಜಿನ ಗುರುತಿನ ಚೀಟಿ ಅಥವಾ ಪ್ರವೇಶ ಪತ್ರ, ಆಧಾರ್ ಪ್ರತಿ, ಎರಡು ಭಾವಚಿತ್ರ, ಪೋಷಕರ ಮೊಬೈಲ್ ಸಂಖ್ಯೆ. ಆಧಾರ್ ಕೊಡುವಾಗ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿ ಕೊಡಿ. ಅದನ್ನು ಆಧಾರ್ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಪ್ರತಿಯ ಮೇಲೆ "ಬಾಡಿಗೆ ಮನೆಗಾಗಿ ಮಾತ್ರ" ಎಂದು ಬರೆದು ದಿನಾಂಕ ಹಾಕಿ. ಮೂಲ ಅಂಕಪಟ್ಟಿಯನ್ನಾಗಲೀ ಮೂಲ ಆಧಾರ್ ಕಾರ್ಡನ್ನಾಗಲೀ ಯಾರ ಕೈಗೂ "ಇಟ್ಟುಕೊಳ್ಳಲು" ಕೊಡಬೇಡಿ. ಕೊಡಲೇಬೇಕೆಂದು ಹಟ ಹಿಡಿಯುವ ಮನೆಯನ್ನೇ ಬಿಟ್ಟುಬಿಡಿ.

ಪಿಯುಸಿ ಮಕ್ಕಳಿಗೆ ಒಂದು ಮಾತು. ಹದಿನೆಂಟು ತುಂಬದವರು ಮಾಡಿಕೊಂಡ ಕರಾರಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಕರಾರು ಪತ್ರ ತಂದೆಯ ಅಥವಾ ತಾಯಿಯ ಹೆಸರಿನಲ್ಲಿ ಇರಲಿ, ಅಡ್ವಾನ್ಸ್ ಹಣವೂ ಅವರ ಖಾತೆಯಿಂದಲೇ ಹೋಗಲಿ.

ಹಂತ 1: ಮನೆಗಿಂತ ಮುಂಚೆ ಹಾಸ್ಟೆಲ್ ವಿಚಾರಿಸಿ

ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೆ ರಾಜ್ಯ ಹಾಸ್ಟೆಲ್ ಪೋರ್ಟಲ್ ಮೂಲಕ ಅರ್ಜಿ ಹಾಕಬೇಕು. ಕಡೆಯ ದಿನಾಂಕ ತಪ್ಪಿಸಿಕೊಂಡರೆ ಆ ವರ್ಷದ ಮಟ್ಟಿಗೆ ಮುಗಿಯಿತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಡಿ ಊಟ ಮತ್ತು ವಸತಿಗಾಗಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಸಹಾಯಧನವಿದೆ. ಅರ್ಹತೆಯ ನಿಯಮಗಳಿವೆ, ನೋಡಿಕೊಂಡು ಅರ್ಜಿ ಹಾಕಿ. ಬೆಂಗಳೂರಿನಲ್ಲಿ ಆ ಹಣಕ್ಕೆ ಕೋಣೆ ಸಿಗುವುದಿಲ್ಲ ನಿಜ, ಆದರೆ ಮೂವರು ಸೇರಿ ಹಿಡಿದ ಮನೆಯ ಬಾಡಿಗೆಯಲ್ಲಿ ನಿಮ್ಮ ಪಾಲಿನ ಸಾಕಷ್ಟು ಭಾಗ ಅದರಿಂದ ನೀಗುತ್ತದೆ. ಮಠಗಳು, ಸಮುದಾಯದ ಸಂಘಗಳು ನಡೆಸುವ ವಿದ್ಯಾರ್ಥಿನಿಲಯಗಳನ್ನೂ ಬಿಡದೆ ವಿಚಾರಿಸಿ. ಹಲವು ತಲೆಮಾರುಗಳು ಅಲ್ಲೇ ಉಂಡು ಓದಿವೆ.

ಹಂತ 2: ಹಣದ ಲೆಕ್ಕ ಮೊದಲೇ ಆಗಲಿ

ಬಾಡಿಗೆ ಎಷ್ಟು ಎಂಬುದೊಂದೇ ಲೆಕ್ಕವಲ್ಲ. ಬೆಂಗಳೂರಿನಲ್ಲಿ ಹಿಂದೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವ ರೂಢಿಯಿತ್ತು. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. 9,000 ರೂಪಾಯಿ ಬಾಡಿಗೆಯ ಮನೆ ಎಂದುಕೊಳ್ಳಿ. ಆರು ತಿಂಗಳ ಅಡ್ವಾನ್ಸ್ 54,000, ಮೊದಲ ತಿಂಗಳ ಬಾಡಿಗೆ 9,000, ಬ್ರೋಕರ್ ಮೂಲಕ ಹೋದರೆ ಅವರಿಗೆ ಸಾಮಾನ್ಯವಾಗಿ ಇನ್ನೊಂದು ತಿಂಗಳ ಬಾಡಿಗೆ 9,000. ಚಾಪೆ ಹಾಸುವ ಮೊದಲೇ 72,000 ರೂಪಾಯಿ ಕೈಬಿಟ್ಟಿತು. ಮನೆ ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಪದ್ಧತಿ ಇಲ್ಲಿದೆ. ಅಂದರೆ ಹನ್ನೊಂದು ತಿಂಗಳು ಇದ್ದವರು ಹನ್ನೆರಡು ತಿಂಗಳ ಬಾಡಿಗೆ ಕೊಟ್ಟ ಹಾಗಾಯಿತು.

"ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ ಎಂಬ ಕಾನೂನು ಇದೆಯಂತೆ" ಎಂದು ಹಲವರು ಬರೆಯುತ್ತಾರೆ. ಅದು 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿರುವ ಮಾತು. ಮಾದರಿ ಕಾಯ್ದೆ ಎಂದರೆ ರಾಜ್ಯಗಳಿಗೆ ಕೊಟ್ಟ ನಮೂನೆ. ರಾಜ್ಯವು ಅದನ್ನು ತನ್ನ ಕಾಯ್ದೆಯಾಗಿ ತಂದಾಗ ಮಾತ್ರ ಅದಕ್ಕೆ ಬಲ. ಅದನ್ನು ತೋರಿಸಿ ಮಾಲೀಕರೊಂದಿಗೆ ವಾದಕ್ಕಿಳಿಯಬೇಡಿ, ಚೌಕಾಸಿ ಮಾಡಿ. "ಅಡ್ವಾನ್ಸ್ ನಾಲ್ಕು ತಿಂಗಳದ್ದು ಮಾಡಿಕೊಳ್ಳಿ, ಬಾಡಿಗೆಯನ್ನು ಐದನೇ ತಾರೀಖಿನೊಳಗೆ ತಪ್ಪದೆ ಕೊಡುತ್ತೇವೆ, ಬೇಕಾದರೆ ನಮ್ಮ ತಂದೆಯವರೊಂದಿಗೆ ಮಾತನಾಡಿ" ಎಂದು ನೇರವಾಗಿ ಕೇಳಿ. ಮನೆ ಹಲವು ದಿನಗಳಿಂದ ಖಾಲಿ ಬಿದ್ದಿದ್ದರೆ ಒಪ್ಪುತ್ತಾರೆ.

ಹಂತ 3: ಹುಡುಕುವ ಬಗೆ

ಕಾಲೇಜಿನಿಂದ ಒಂದೆರಡು ಕಿಲೋಮೀಟರ್ ಸುತ್ತಳತೆಯ ಅಡ್ಡರಸ್ತೆಗಳಲ್ಲಿ ಬೆಳಿಗ್ಗೆ ಕಾಲ್ನಡಿಗೆಯಲ್ಲಿ ಸುತ್ತಿ. ಗೇಟಿಗೆ ನೇತುಹಾಕಿದ ಟು-ಲೆಟ್ ಬೋರ್ಡುಗಳಲ್ಲಿ ಎಷ್ಟೋ ಯಾವ ಆ್ಯಪ್‌ನಲ್ಲೂ ಕಾಣುವುದಿಲ್ಲ. ಬೀದಿಯ ಕಿರಾಣಿ ಅಂಗಡಿಯವರು, ಇಸ್ತ್ರಿ ಅಂಗಡಿಯವರು, ಹಾಲಿನ ಬೂತಿನವರನ್ನು ಕೇಳಿ. ಯಾವ ಮನೆ ಖಾಲಿಯಾಗಲಿದೆ ಎಂಬುದರ ಜೊತೆಗೆ, ಯಾವ ಮನೆಯಲ್ಲಿ ವರ್ಷಕ್ಕೆ ಮೂರು ಸಲ ಬಾಡಿಗೆದಾರರು ಬದಲಾಗುತ್ತಾರೆ ಎಂಬುದೂ ಅವರಿಗೆ ಗೊತ್ತಿರುತ್ತದೆ. ಎರಡನೆಯ ಸುದ್ದಿ ಮೊದಲನೆಯದಕ್ಕಿಂತ ಬೆಲೆಬಾಳುವಂಥದ್ದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ತುಂಬಿರುವ ವಿಜಯನಗರದಂಥ ಬಡಾವಣೆಗಳಲ್ಲಿ ಗ್ರಂಥಾಲಯ, ಮೆಸ್, ಜೆರಾಕ್ಸ್ ಅಂಗಡಿಗಳ ಗೋಡೆಯ ಚೀಟಿಗಳನ್ನು ನೋಡಿ.

"ಬ್ಯಾಚುಲರ್‌ಗಳಿಗೆ ಕೊಡುವುದಿಲ್ಲ" ಎಂಬ ಮಾತು ಕೇಳಿಬರುತ್ತದೆ. ಜಾತಿ, ಧರ್ಮ, ಊಟದ ಬಗ್ಗೆಯೂ ಮುಖದ ಮೇಲೆಯೇ ಕೇಳುವವರಿದ್ದಾರೆ. ಓದಲು ಬಂದ ಮಕ್ಕಳನ್ನು ಹೀಗೆ ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸುವುದು ನೋವಿನ ವಿಷಯ, ನಾಚಿಕೆಯ ವಿಷಯವೂ ಹೌದು. ಆದರೆ ಸುಳ್ಳು ಹೇಳಿ ಒಳಸೇರಬೇಡಿ. ದಿನವೂ ಅಂಜುತ್ತ ಅಡುಗೆ ಮಾಡಿಕೊಂಡು ಓದಲು ಆಗುವುದಿಲ್ಲ, ತಿಳಿದ ದಿನ ಹೊರಹಾಕಲು ಅದೇ ನೆಪವಾಗುತ್ತದೆ.

ಈ ಹಂತದಲ್ಲಿ ಹಣ ಕಳೆದುಕೊಳ್ಳುವ ದಾರಿಗಳು ಎರಡು. ಒಂದು, ಮನೆ ನೋಡದೆ ಟೋಕನ್ ಕೊಡುವುದು. ಟೋಕನ್ ಎಂದರೆ ಮನೆಯನ್ನು ಬೇರೆಯವರಿಗೆ ಕೊಡದಂತೆ ಹಿಡಿದಿಡಲು ಕೊಡುವ ಸಣ್ಣ ಮೊತ್ತ. "ನಾನು ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಗೇಟ್ ಪಾಸ್‌ಗೆ ಐದು ಸಾವಿರ ಕಳಿಸಿ, ಮನೆ ತೋರಿಸುತ್ತಾರೆ" ಎಂಬ ಕರೆ ಬಂದರೆ ಅದು ಮೋಸವೇ. ಕ್ಯೂಆರ್ ಸಂಕೇತ ಕಳಿಸಿ "ಸ್ಕ್ಯಾನ್ ಮಾಡಿದರೆ ನಿಮಗೇ ಹಣ ಬರುತ್ತದೆ" ಎಂದರೂ ಅಷ್ಟೇ. ಹಣ ಪಡೆಯಲು ಯಾರೂ ಪಿನ್ ಒತ್ತಬೇಕಾಗಿಲ್ಲ. ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನೊಂದು, ಬ್ರೋಕರ್ ಕೈಗೇ ಅಡ್ವಾನ್ಸ್ ಕೊಡುವುದು. ಬ್ರೋಕರ್‌ಗೆ ಸಲ್ಲುವುದು ಅವರ ಕಮಿಷನ್ ಮಾತ್ರ, ಅದೂ ಕರಾರಿಗೆ ಸಹಿ ಬಿದ್ದ ಮೇಲೆ.

ಹಂತ 4: ಮನೆ ನೋಡುವಾಗ

ಮನೆಯನ್ನು ಎರಡು ಸಲ ನೋಡಿ, ಒಮ್ಮೆ ಹಗಲಲ್ಲಿ, ಒಮ್ಮೆ ಸಂಜೆಯ ಮೇಲೆ.

ಮೊದಲು ನೀರು. ನಲ್ಲಿ ತಿರುಗಿಸಿ ನೋಡಿದರೆ ಸಾಲದು, ಆ ಹೊತ್ತಿಗೆ ಸಿಂಟೆಕ್ಸ್ ತೊಟ್ಟಿ ತುಂಬಿರಬಹುದು. ಕಾವೇರಿ ನೀರಿನ ಸಂಪರ್ಕವಿದೆಯೇ, ವಾರಕ್ಕೆ ಎಷ್ಟು ದಿನ ಬರುತ್ತದೆ, ಬೋರ್‌ವೆಲ್ ಇದೆಯೇ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಅದರ ಹಣ ಯಾರದು, ಇಷ್ಟನ್ನೂ ಕೇಳಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರವೇ ಟ್ಯಾಂಕರ್‌ಗಳ ಹಿಂದೆ ಓಡಿದ್ದನ್ನು ಮರೆಯಬೇಡಿ. ಮೇಲಿನ ಅಥವಾ ಪಕ್ಕದ ಮನೆಯ ಬಾಡಿಗೆದಾರರನ್ನು ಮಾಲೀಕರಿಲ್ಲದಾಗ ಕೇಳಿ: "ಏಪ್ರಿಲ್‌ನಲ್ಲಿ ನೀರು ಹೇಗಿರುತ್ತದೆ? ಹಿಂದಿನವರು ಯಾಕೆ ಬಿಟ್ಟರು? ಅವರಿಗೆ ಅಡ್ವಾನ್ಸ್ ಪೂರ್ತಿ ಸಿಕ್ಕಿತೇ?" ಈ ಮೂರು ಪ್ರಶ್ನೆಗಳಿಗೆ ಬರುವ ಉತ್ತರ, ಕೆಲವೊಮ್ಮೆ ಉತ್ತರಿಸುವ ಮುನ್ನ ಅವರು ಸುತ್ತಮುತ್ತ ನೋಡುವ ರೀತಿ, ಮನೆಯ ಬಗ್ಗೆ ಬಹಳ ಹೇಳುತ್ತದೆ.

ಆಮೇಲೆ ವಿದ್ಯುತ್. ನಿಮ್ಮ ಮನೆಗೇ ಬೆಸ್ಕಾಂನ ಪ್ರತ್ಯೇಕ ಮೀಟರ್ ಇದೆಯೇ, ಇಲ್ಲ ಮಾಲೀಕರು ಹಾಕಿಸಿದ ಸಬ್ ಮೀಟರ್ ಮಾತ್ರವೇ ಎಂದು ಕೇಳಿ. ಸಬ್ ಮೀಟರ್ ಎಂದರೆ ಒಂದೇ ಸಂಪರ್ಕವನ್ನು ಮನೆಯೊಳಗೆ ಹಂಚಿಕೊಂಡು ಅಳೆಯುವ ಖಾಸಗಿ ಮೀಟರ್. ಅದರಲ್ಲಿ ಯೂನಿಟ್‌ಗೆ ಎಷ್ಟು ಎಂದು ಮಾಲೀಕರು ತಮ್ಮ ಮೂಗಿನ ನೇರಕ್ಕೆ ಹೇಳಿಬಿಡುತ್ತಾರೆ. ಪ್ರತ್ಯೇಕ ಮೀಟರ್ ಇದ್ದರೆ ಬಾಡಿಗೆದಾರರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಗೃಹಬಳಕೆಗೆ 200 ಯೂನಿಟ್ ಮಿತಿಯೊಳಗೆ, ಆ ಮನೆಯ ಹಿಂದಿನ ಬಳಕೆಯ ಸರಾಸರಿಯನ್ನು ಆಧರಿಸಿ ಉಚಿತ ವಿದ್ಯುತ್ ಸಿಗುವ ಯೋಜನೆ ಅದು. ವಾಣಿಜ್ಯ ಸಂಪರ್ಕಕ್ಕೆ ಸಿಗುವುದಿಲ್ಲ.

ಗೋಡೆಯ ಮೂಲೆ, ಸಜ್ಜಾದ ಕೆಳಗೆ, ಸ್ನಾನದ ಮನೆಗೆ ಅಂಟಿದ ಗೋಡೆ, ಇಲ್ಲೆಲ್ಲ ಕೈಯಾಡಿಸಿ ನೋಡಿ. ಹೊಸ ಬಣ್ಣದ ಕೆಳಗೆ ತೇವವಿದ್ದರೆ ಅಂಗೈಗೆ ತಂಪು ತಟ್ಟುತ್ತದೆ, ಬಣ್ಣ ಪುಡಿಪುಡಿಯಾಗಿ ಅಂಟುತ್ತದೆ. ಮಳೆಗಾಲದಲ್ಲಿ ಅಲ್ಲಿಂದಲೇ ಬೂಷ್ಟು ಏಳುತ್ತದೆ, ಪುಸ್ತಕಗಳು ಹಾಳಾಗುತ್ತವೆ. ತಾರಸಿಯ ಮೇಲಿನ ಶೀಟ್ ಕೋಣೆ ಅಗ್ಗಕ್ಕೆ ಸಿಗುತ್ತದೆ, ಆದರೆ ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಅಲ್ಲಿ ಕುಳಿತು ಓದುವುದು ಕಷ್ಟ. ಪರೀಕ್ಷೆ ಬರುವುದೂ ಅದೇ ಹೊತ್ತಿಗೆ.

ಹಂತ 5: ಹಣ ಕೊಡುವ ಮುನ್ನ ಮಾಲೀಕರು ಯಾರೆಂದು ತಿಳಿಯಿರಿ

ಆಸ್ತಿ ತೆರಿಗೆಯ ಇತ್ತೀಚಿನ ರಶೀದಿ ಅಥವಾ ವಿದ್ಯುತ್ ಬಿಲ್ ತೋರಿಸಲು ಕೇಳಿ. ಅದರಲ್ಲಿರುವ ಹೆಸರು, ಕರಾರಿಗೆ ಸಹಿ ಹಾಕುವವರ ಹೆಸರು, ಹಣ ಹೋಗುವ ಬ್ಯಾಂಕ್ ಖಾತೆಯ ಹೆಸರು ಒಂದೇ ಆಗಿರಬೇಕು. ಮಗನೋ ಅಳಿಯನೋ ವ್ಯವಹಾರ ನೋಡಿಕೊಳ್ಳುತ್ತಿದ್ದರೆ, ಹಾಗೆ ಮಾಡಲು ಮಾಲೀಕರು ಒಪ್ಪಿಗೆ ಕೊಟ್ಟಿರುವುದಕ್ಕೆ ಒಂದು ಸಾಲಾದರೂ ಬರವಣಿಗೆ ಇರಲಿ. ಮಾಲೀಕರೇ ಅಲ್ಲದವರು ತಾವು ಬಾಡಿಗೆಗೆ ಪಡೆದ ಮನೆಯನ್ನು ವಿದ್ಯಾರ್ಥಿಗಳಿಗೆ ಒಳಬಾಡಿಗೆಗೆ ಕೊಟ್ಟು ಅಡ್ವಾನ್ಸ್ ಜೊತೆ ಮಾಯವಾಗುವುದುಂಟು.

ಬಾಡಿಗೆ ಬೇಡ, ಒಟ್ಟಾಗಿ ಲಕ್ಷಗಟ್ಟಲೆ ಕೊಟ್ಟರೆ ಸಾಕು ಎಂಬ ಭೋಗ್ಯದ ಮನೆಗೆ ವಿದ್ಯಾರ್ಥಿಗಳು ಹೋಗದಿರುವುದೇ ಒಳ್ಳೆಯದು. ಆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಅದು ಹರಾಜಿಗೆ ಬಂದರೆ ನಿಮ್ಮ ದೊಡ್ಡ ಮೊತ್ತ ಸಿಕ್ಕಿಬೀಳುತ್ತದೆ.

ಹಂತ 6: ಕರಾರು ಪತ್ರ

ಬಾಡಿಗೆ ಕರಾರು ಹನ್ನೊಂದು ತಿಂಗಳಿಗೇ ಏಕೆ ಎಂದು ಕೇಳುವವರಿಗೆ: ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ಬೇಡವೆಂದು ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಇದು ಸಕ್ರಮವೇ. ಇ-ಸ್ಟಾಂಪ್ ಕಾಗದದ ಮೇಲೆ ಬರೆಸಿ ಇಬ್ಬರೂ ಪ್ರತಿ ಪುಟಕ್ಕೂ ಸಹಿ ಹಾಕಬೇಕು, ಇಬ್ಬರು ಸಾಕ್ಷಿಗಳ ಸಹಿಯೂ ಇರಲಿ. ಮೂಲ ಪ್ರತಿಯನ್ನು ಮಾಲೀಕರು ಇಟ್ಟುಕೊಳ್ಳುವುದು ರೂಢಿ. ಸಹಿ ಬಿದ್ದ ಕ್ಷಣದಲ್ಲೇ ಎಲ್ಲ ಪುಟಗಳ ಫೋಟೊ ತೆಗೆದುಕೊಂಡು ಮನೆಯವರಿಗೂ ಕಳಿಸಿಬಿಡಿ. "ಆಮೇಲೆ ಜೆರಾಕ್ಸ್ ಕೊಡುತ್ತೇನೆ" ಎಂಬ ಮಾತನ್ನು ನಂಬಿ ಬರಬೇಡಿ.

ಟೈಪಿಂಗ್ ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆಯಲ್ಲಿ ಮಾಲೀಕರ ಪರವಾದ ಷರತ್ತುಗಳೇ ತುಂಬಿರುತ್ತವೆ. ನೀವು ಸೇರಿಸಬೇಕಾದವು ಇವು:

ಅಡ್ವಾನ್ಸ್ ಎಷ್ಟು, ಯಾವ ದಿನ, ಹೇಗೆ ಸಂದಾಯವಾಯಿತು ಎಂಬುದು ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ಕೀ ಒಪ್ಪಿಸಿದ ಎಷ್ಟು ದಿನದೊಳಗೆ ಹಿಂದಿರುಗಿಸಬೇಕು ಎಂಬುದನ್ನು ಬರೆಸಿ, "ಮುಂದಿನ ಬಾಡಿಗೆದಾರರು ಬಂದ ಮೇಲೆ" ಎಂದಿದ್ದರೆ ಹೊಡೆದುಹಾಕಿಸಿ. ಇಡೀ ಪತ್ರದಲ್ಲಿ ಒಂದೇ ಒಂದು ಷರತ್ತಿಗೆ ಪಟ್ಟು ಹಿಡಿಯುವುದಾದರೆ ಇದಕ್ಕೇ ಹಿಡಿಯಿರಿ.

ಬಣ್ಣದ ಖರ್ಚು ಇಷ್ಟೇ ಎಂದು ಮೊತ್ತ ನಮೂದಿಸಿ. ಸಹಜ ಸವಕಳಿಗೆ, ಅಂದರೆ ಮನುಷ್ಯರು ವಾಸವಿದ್ದಾಗ ತಾನಾಗಿ ಆಗುವ ಸವೆತಕ್ಕೆ, ಕಡಿತ ಮಾಡುವಂತಿಲ್ಲ ಎಂದು ಬರೆಸಿ. ಕಾನೂನಿನಲ್ಲೂ ಬಾಡಿಗೆದಾರರ ಮೇಲೆ ಸಹಜ ಸವಕಳಿಯ ಹೊಣೆಯಿಲ್ಲ. ಆದರೆ ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಂಡರೆ ಆ ಒಪ್ಪಿಗೆಯೇ ನಡೆಯುತ್ತದೆ.

ಮನೆ ಬಿಡಲು ಎರಡೂ ಕಡೆಯವರು ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದು ಸಮವಾಗಿರಲಿ. ಲಾಕ್-ಇನ್ ಇದೆಯೇ ನೋಡಿ. ಇಂತಿಷ್ಟು ತಿಂಗಳು ಮನೆ ಬಿಡುವಂತಿಲ್ಲ, ಬಿಟ್ಟರೆ ದಂಡ ಎಂಬ ಷರತ್ತು ಅದು. ನಿಮ್ಮ ಕೋರ್ಸ್ ಮೇ ತಿಂಗಳಲ್ಲಿ ಮುಗಿಯುವುದಾದರೆ ಆಗಸ್ಟ್‌ವರೆಗೆ ಕಟ್ಟಿಹಾಕಿಕೊಳ್ಳಬೇಡಿ.

ನೀರು, ನಿರ್ವಹಣಾ ವೆಚ್ಚ, ಟ್ಯಾಂಕರ್, ರಿಪೇರಿ ಯಾರ ಪಾಲಿಗೆ ಎಂಬುದನ್ನೂ, ಮನೆಯೊಳಗೆ ಬರುವ ಮುನ್ನ ಮಾಲೀಕರು ತಿಳಿಸಿ ಬರಬೇಕು ಎಂಬುದನ್ನೂ ಸೇರಿಸಿ.

ಮೂರ್ನಾಲ್ಕು ಗೆಳೆಯರು ಸೇರಿ ಮನೆ ಹಿಡಿಯುವವರು ಇಲ್ಲಿ ಸ್ವಲ್ಪ ನಿಲ್ಲಿ. ಒಬ್ಬನ ಹೆಸರಲ್ಲಿ ಕರಾರು, ಎಲ್ಲರ ಹಣ ಎಂಬ ಏರ್ಪಾಡು ಮೊದಲ ಜಗಳದವರೆಗೆ ಮಾತ್ರ ಚೆನ್ನಾಗಿರುತ್ತದೆ. ಎಲ್ಲರ ಹೆಸರೂ ಕರಾರಿನಲ್ಲಿ ಇರಲಿ. ಜೊತೆಗೆ ನಿಮ್ಮನಿಮ್ಮೊಳಗೆ ಒಂದು ಹಾಳೆ ಬರೆದುಕೊಳ್ಳಿ: ಅಡ್ವಾನ್ಸ್‌ನಲ್ಲಿ ಯಾರದೆಷ್ಟು, ನಡುವೆ ಒಬ್ಬರು ಬಿಟ್ಟರೆ ಅವರ ಪಾಲನ್ನು ಹೊಸದಾಗಿ ಬರುವವರು ಕೊಡಬೇಕೋ ಉಳಿದವರು ಕೊಡಬೇಕೋ, ಬದಲಿಯವರು ಸಿಗುವವರೆಗೆ ಬಾಡಿಗೆಯ ಪಾಲು ಯಾರದು. ಹೀಗೆ ಬರೆದುಕೊಂಡರೆ ಸ್ನೇಹಕ್ಕೆ ಕುಂದು ಬರುವುದಿಲ್ಲ, ಬರೆಯದೆ ಹಾಳಾದ ಸ್ನೇಹಗಳೇ ಹೆಚ್ಚು.

ಪೊಲೀಸ್ ಠಾಣೆಗೆ ಕೊಡುವ ಬಾಡಿಗೆದಾರರ ಮಾಹಿತಿ ನಮೂನೆಯನ್ನು ಮಾಲೀಕರು ಕೇಳಿದರೆ ತುಂಬಿಕೊಡಿ. ನೀವು ಆ ಮನೆಯಲ್ಲಿ ವಾಸವಿದ್ದಿರಿ ಎಂಬುದಕ್ಕೆ ಅದೂ ಒಂದು ದಾಖಲೆ.

ಹಂತ 7: ಕೀ ಸಿಕ್ಕ ದಿನ

ಸಾಮಾನು ಇಳಿಸುವ ಮುನ್ನ ಖಾಲಿ ಮನೆಯ ವಿಡಿಯೊ ಮಾಡಿ. ಬಾಗಿಲ ಬೀಗ, ಕಿಟಕಿ ಗಾಜು, ನಲ್ಲಿ, ಕಮೋಡ್, ಸಿಂಕ್, ಗೀಸರ್, ಸ್ವಿಚ್ ಬೋರ್ಡ್, ಗೋಡೆಯ ಮೊಳೆ ತೂತು, ನೆಲದ ಬಿರುಕು, ಎಲ್ಲವೂ ಬರಲಿ. ಕೊನೆಯಲ್ಲಿ ವಿದ್ಯುತ್ ಮೀಟರ್‌ನ ಅಂಕಿ ಹತ್ತಿರದಿಂದ ಕಾಣಲಿ. ವಿಡಿಯೊವನ್ನು ಅದೇ ದಿನ ಮಾಲೀಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಹೀಗೆ ಬರೆಯಿರಿ:

"ನಮಸ್ಕಾರ ಅಂಕಲ್. ಇಂದು ಕೀ ತೆಗೆದುಕೊಂಡೆವು. ಮನೆಯ ಈಗಿನ ಸ್ಥಿತಿಯ ವಿಡಿಯೊ ಕಳಿಸಿದ್ದೇನೆ. ಅಡುಗೆಮನೆಯ ಕಿಟಕಿ ಗಾಜು ಬಿರುಕು ಬಿಟ್ಟಿದೆ, ಸ್ನಾನದ ಮನೆಯ ನಲ್ಲಿ ಸೋರುತ್ತಿದೆ. ಮುಂದೆ ಗೊಂದಲವಾಗಬಾರದೆಂದು ತಿಳಿಸುತ್ತಿದ್ದೇನೆ."

ಬಾಡಿಗೆಯನ್ನು ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಕೊಡಿ. ಟಿಪ್ಪಣಿಯ ಜಾಗದಲ್ಲಿ "ಜುಲೈ ಬಾಡಿಗೆ" ಎಂದು ಬರೆಯಿರಿ. ನಗದೇ ಬೇಕೆಂದರೆ ಸಹಿ ಸಹಿತ ರಶೀದಿ ಪಡೆಯಿರಿ. ಕರಾರು ಪತ್ರವೇ ಇಲ್ಲದವರಿಗೆ ಈ ಹಣ ಸಂದಾಯದ ದಾಖಲೆಯೇ ಆಧಾರ. ಬಾಯಿಮಾತಿನಲ್ಲಿ ಮನೆ ಒಪ್ಪಿಸಿ ತಿಂಗಳಿಗೆ ಬಾಡಿಗೆ ಪಡೆಯುತ್ತಿದ್ದರೂ ಕಾನೂನಿನ ಕಣ್ಣಿಗೆ ನೀವು ಬಾಡಿಗೆದಾರರೇ.

ಹಂತ 8: ವಾಸವಿದ್ದಾಗ ತಕರಾರು ಬಂದರೆ

ಯಾವ ಕಾನೂನು ನಿಮಗೆ ಅನ್ವಯಿಸುತ್ತದೆ ಎಂಬುದು ಮೊದಲು ತಿಳಿದಿರಲಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ವಾಸದ ಮನೆಗಳಿಗೆ ಅನ್ವಯಿಸುವುದಿಲ್ಲ. ಅಂದರೆ ಇಂದಿನ ಬಹುತೇಕ ಮನೆಗಳು ಅದರ ಹೊರಗಿವೆ. ನಿಮಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಸಹಿ ಹಾಕಿದ ಕರಾರು. ಕರಾರಿನಲ್ಲಿ ಬೇರೆ ಅವಧಿ ಇಲ್ಲದಿದ್ದರೆ, ತಿಂಗಳ ಲೆಕ್ಕದ ಬಾಡಿಗೆಯನ್ನು ಕೊನೆಗೊಳಿಸಲು ಹದಿನೈದು ದಿನಗಳ ಲಿಖಿತ ನೋಟಿಸ್ ಬೇಕು. ಮಾಲೀಕರಿಗೂ ನಿಮಗೂ ಇದೇ ನಿಯಮ.

"ನಾಳೆಯೇ ಖಾಲಿ ಮಾಡಿ" ಎಂಬ ಮಾತಿಗೆ ಬೆದರಬೇಡಿ. ಕರಾರಿನ ಅವಧಿ ಮುಗಿದಿದ್ದರೂ, ಬಾಡಿಗೆ ಬಾಕಿ ಇದ್ದರೂ, ಬಾಡಿಗೆದಾರರನ್ನು ಬಲವಂತದಿಂದ ಹೊರಹಾಕುವ ಅಧಿಕಾರ ಮಾಲೀಕರಿಗಿಲ್ಲ. ಅದಕ್ಕೆ ನ್ಯಾಯಾಲಯದ ಆದೇಶ ಬೇಕು. ಬೀಗ ಬದಲಿಸಿದರೆ, ಸಾಮಾನು ಹೊರಗೆಸೆದರೆ 112ಕ್ಕೆ ಕರೆ ಮಾಡಿ, ವಿಡಿಯೊ ಮಾಡಿ, ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಹಿಂಬರಹ ಕೇಳಿ. ಹಿಂಬರಹ ಎಂದರೆ ನಿಮ್ಮ ದೂರಿನ ಬಗ್ಗೆ ಠಾಣೆ ಕೊಡುವ ಲಿಖಿತ ಉತ್ತರ. "ಇದು ಸಿವಿಲ್ ವ್ಯಾಜ್ಯ, ನಮ್ಮ ಕೆಲಸವಲ್ಲ" ಎಂದು ಹೇಳಬಹುದು. ಅಡ್ವಾನ್ಸ್ ಕೊಡದಿರುವುದಕ್ಕೆ ಆ ಮಾತು ಸರಿ. ಬೆದರಿಕೆ, ಅತಿಕ್ರಮ ಪ್ರವೇಶ, ಕೂಡಿಹಾಕುವುದು ಅಪರಾಧಗಳು, ಅವಕ್ಕೆ ಆ ಮಾತು ಸಲ್ಲದು. ಕಾನೂನು ಮೀರಿ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಮನೆಯ ಸ್ವಾಧೀನವನ್ನೇ ಮರಳಿ ಕೇಳಬಹುದು, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮು ಇದಕ್ಕೆಂದೇ ಇದೆ.

ಇಷ್ಟು ಹೇಳಿದ ಮೇಲೂ ನನ್ನ ಸಲಹೆ ಬೇರೆ. ಹಕ್ಕು ನಿಮ್ಮ ಕಡೆಗಿದ್ದರೂ ದಿನವೂ ಕಾದಾಡುವ ಮನೆಯಲ್ಲಿ ಓದು ಸಾಗುವುದಿಲ್ಲ. ಆ ಹಕ್ಕನ್ನು ಹಿಡಿದು ಒಂದು ತಿಂಗಳ ಕಾಲಾವಕಾಶವನ್ನೂ ಪೂರ್ತಿ ಅಡ್ವಾನ್ಸನ್ನೂ ಕೇಳಿ ಪಡೆದು, ಗೌರವದಿಂದ ಹೊರಡಿ. ಪರೀಕ್ಷೆ ಹತ್ತಿರವಿದ್ದರೆ ಮಾತ್ರ ಕದಲಬೇಡಿ.

ರಿಪೇರಿ ಬೇಕಾದಾಗ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿ ಸುಮ್ಮನಾಗಬೇಡಿ, ಫೋಟೊ ಸಮೇತ ಬರೆದು ಕಳಿಸಿ. ನಿಮ್ಮ ಕೈಯಿಂದ ಮಾಡಿಸುವುದಾದರೆ ಮೊದಲು "ಖರ್ಚನ್ನು ಮುಂದಿನ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದೇ?" ಎಂದು ಕೇಳಿ, ಒಪ್ಪಿಗೆ ಬಂದ ಮೇಲೆ ಬಿಲ್ ಸಹಿತ ಮಾಡಿಸಿ. ಸಿಟ್ಟಿನಿಂದ ಬಾಡಿಗೆ ನಿಲ್ಲಿಸಬೇಡಿ. ಬಾಡಿಗೆ ಬಾಕಿ ಉಳಿಸಿಕೊಂಡವರ ಮಾತಿಗೆ ಎಲ್ಲಿಯೂ ಬೆಲೆ ಸಿಗುವುದಿಲ್ಲ.

ಹೆಣ್ಣುಮಕ್ಕಳಿಗೆ: ನೀವಿಲ್ಲದಾಗ ಬೇರೆ ಕೀ ಬಳಸಿ ಕೋಣೆಗೆ ಬರುವುದು, ಹಿಂಬಾಲಿಸುವುದು, ಇಣುಕಿ ನೋಡುವುದು, ಇವನ್ನು "ಓನರ್ ಅಂಕಲ್ ಸ್ವಭಾವ" ಎಂದು ಸಹಿಸಬೇಕಾಗಿಲ್ಲ. ಹಿಂಬಾಲಿಸುವುದೂ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದೂ ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ. ಒಳಗಿನಿಂದ ಹಾಕುವ ಚಿಲಕ ಗಟ್ಟಿಯಿರಲಿ, ಮನೆಯವರಿಗೂ ಒಬ್ಬ ಅಧ್ಯಾಪಕಿಗೂ ಕೂಡಲೇ ತಿಳಿಸಿ, ಮಹಿಳಾ ಸಹಾಯವಾಣಿ 181 ಅಥವಾ 112ಕ್ಕೆ ಕರೆ ಮಾಡಿ. ಇಂಥ ಮನೆಯಲ್ಲಿ ನೋಟಿಸ್ ಅವಧಿ ಮುಗಿಯಲೆಂದು ಕಾಯಬೇಡಿ. ಅಡ್ವಾನ್ಸ್ ಚಿಂತೆ ಆಮೇಲೆ.

ಪಿ.ಜಿ.ಯಲ್ಲಿ ಇರುವವರಿಗೆ

ಪಿ.ಜಿ. ಎಂದರೆ ಊಟ, ಸ್ವಚ್ಛತೆ ಸೇರಿದ ವಸತಿ. 2024ರ ಆಗಸ್ಟ್‌ನಲ್ಲಿ ಆಗಿನ ಬಿಬಿಎಂಪಿ ಇವುಗಳಿಗೆ ಮಾರ್ಗಸೂಚಿ ಹೊರಡಿಸಿತು: ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ ತಲಾ 135 ಲೀಟರ್ ನೀರು, ಸಿಸಿಟಿವಿ, ಅಗ್ನಿಸುರಕ್ಷೆ, ಅಡುಗೆಮನೆಗೆ ಆಹಾರ ಸುರಕ್ಷತಾ ಪರವಾನಗಿ. ಸೇರುವ ಮೊದಲು ಪರವಾನಗಿ ಕೇಳಿ ನೋಡಿ, ಸ್ನಾನದ ಮನೆಯ ಮುಂದೆ ಬೆಳಿಗ್ಗೆ ಎಷ್ಟು ಜನ ಸಾಲು ನಿಲ್ಲುತ್ತಾರೆ ನೋಡಿ, ಒಂದು ಹೊತ್ತು ಊಟ ಮಾಡಿ ನೋಡಿ. ಕರಾರು ಇರುವುದಿಲ್ಲವಾದ್ದರಿಂದ ನಿಯಮಗಳ ಹಾಳೆಯ ಫೋಟೊ ತೆಗೆದಿಡಿ.

ಪಿ.ಜಿ.ಯವರಿಗೆ ಇರುವ ಅನುಕೂಲವೆಂದರೆ, ಅದು ಹಣಕ್ಕೆ ಒದಗಿಸುವ ಸೇವೆ. ಠೇವಣಿ ಹಿಂದಿರುಗಿಸದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ನೀವು ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಬರಿಯ ಮನೆ ಬಾಡಿಗೆಯ ವ್ಯಾಜ್ಯಕ್ಕೆ ಈ ದಾರಿ ಸಾಮಾನ್ಯವಾಗಿ ತೆರೆಯುವುದಿಲ್ಲ.

ಹಂತ 9: ಮನೆ ಬಿಡುವುದು, ಅಡ್ವಾನ್ಸ್ ಪಡೆಯುವುದು

ಕರಾರಿನಲ್ಲಿರುವಷ್ಟು ದಿನ ಮುಂಚೆ ಬರಹದಲ್ಲಿ ತಿಳಿಸಿ. ವಾಟ್ಸ್‌ಆ್ಯಪ್ ಜೊತೆಗೆ ಒಂದು ಪತ್ರವನ್ನೂ ಸ್ಪೀಡ್ ಪೋಸ್ಟ್ ಮಾಡಿ ಅದರ ರಶೀದಿ ಇಟ್ಟುಕೊಳ್ಳಿ. "ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ" ಎಂದು ಈಗಲೇ ಕೇಳಿ. ಒಪ್ಪಿದರೆ ಅಷ್ಟು ಹಣ ಸಿಕ್ಕಿಬೀಳುವ ಭಯವಿಲ್ಲ. ಒಪ್ಪಿಗೆ ಇಲ್ಲದೆ ನೀವಾಗಿಯೇ ನಿಲ್ಲಿಸಿದರೆ ಕರಾರು ಮುರಿದವರು ನೀವಾಗುತ್ತೀರಿ.

ಬಿಡುವ ದಿನ ಗುಡಿಸಿ ಒರೆಸಿ, ಮೊದಲ ದಿನ ಮಾಡಿದಂತೆಯೇ ವಿಡಿಯೊ ಮಾಡಿ, ಬಿಲ್‌ಗಳನ್ನು ಕಟ್ಟಿ, ಮಾಲೀಕರನ್ನು ಜೊತೆಯಲ್ಲಿ ಕರೆದುಕೊಂಡು ಕೋಣೆ ಕೋಣೆ ತೋರಿಸಿ. ಕಡಿತವೇನಾದರೂ ಇದ್ದರೆ ಬಿಲ್ ಕೇಳಿ. ಹಣ ಖಾತೆಗೆ ಬಂದ ಮೇಲೆ ಕೀ ಕೊಡುವುದು ಒಳ್ಳೆಯ ಕ್ರಮ. ಅದಕ್ಕೆ ಒಪ್ಪದಿದ್ದರೆ ಕೀ ಕೊಟ್ಟು, "ಕೀ ತಲುಪಿದೆ, ಇಷ್ಟು ರೂಪಾಯಿ ಅಡ್ವಾನ್ಸ್ ಇಂಥ ದಿನದೊಳಗೆ ಕೊಡುತ್ತೇನೆ" ಎಂದು ಬರೆಸಿಕೊಳ್ಳಿ. ಕೀಯನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಎಳೆದಾಡಬೇಡಿ, ಆ ತಿಂಗಳುಗಳ ಬಾಡಿಗೆಯನ್ನೂ ಅವರು ಕಡಿಯುತ್ತಾರೆ.

ಹೇಳಿದ ದಿನ ದಾಟಿದರೆ ಕಾಡಿ ಬೇಡಿ ಫೋನ್ ಮಾಡುವುದನ್ನು ನಿಲ್ಲಿಸಿ, ಪತ್ರ ಬರೆಯಿರಿ:

"ಮಾನ್ಯರೇ, ತಮ್ಮ ಮನೆಯನ್ನು ಇಂಥ ದಿನಾಂಕದಂದು ಖಾಲಿ ಮಾಡಿ ಕೀ ಒಪ್ಪಿಸಿದ್ದೇನೆ. ಕರಾರಿನಂತೆ ನನಗೆ ಬರಬೇಕಾದ ಅಡ್ವಾನ್ಸ್ 54,000 ರೂಪಾಯಿ. ಒಪ್ಪಿದ ಬಣ್ಣದ ಖರ್ಚು 9,000 ಕಳೆದು 45,000 ರೂಪಾಯಿಯನ್ನು ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಕೆಳಗಿನ ಖಾತೆಗೆ ಪಾವತಿಸಬೇಕೆಂದು ಕೋರುತ್ತೇನೆ. ತಪ್ಪಿದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಮುಂದೆ ಅರ್ಜಿ ಸಲ್ಲಿಸಬೇಕಾಗುತ್ತದೆ."

ಬೈಗುಳ ಬೇಡ, ಹಳೆಯ ಜಗಳಗಳ ಪ್ರಸ್ತಾಪ ಬೇಡ. ಈ ಪತ್ರವನ್ನು ಮುಂದೆ ನ್ಯಾಯಾಧೀಶರು ಓದಬಹುದು ಎಂದುಕೊಂಡೇ ಬರೆಯಿರಿ.

ಅದಕ್ಕೂ ಜಗ್ಗದಿದ್ದರೆ ಹಣ ವಸೂಲಿ ದಾವೆ ಹೂಡಲು ಮೂರು ವರ್ಷಗಳ ಕಾಲಾವಕಾಶವಿದೆ. ಆದರೆ ನೇರವಾಗಿ ದಾವೆಗೆ ಹೋಗಬೇಡಿ. ಜಿಲ್ಲಾ ಅಥವಾ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ಸಮಿತಿಯ ಕಚೇರಿ ಇರುತ್ತದೆ. ಬೆಂಗಳೂರಿನಲ್ಲಿ ರಾಜ್ಯ ಪ್ರಾಧಿಕಾರ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಅಲ್ಲಿ ವ್ಯಾಜ್ಯಪೂರ್ವ ಅರ್ಜಿ, ಅಂದರೆ ದಾವೆ ಹೂಡುವ ಮುನ್ನವೇ ರಾಜಿಗೆ ಕರೆಸಿ ಎಂಬ ಅರ್ಜಿ, ಕೊಡಬಹುದು. ಶುಲ್ಕವಿಲ್ಲ. ಮಾಲೀಕರಿಗೆ ನೋಟಿಸ್ ಹೋಗುತ್ತದೆ, ಪ್ರಾಧಿಕಾರದ ಮುದ್ರೆಯ ಆ ಲಕೋಟೆ ಮನೆಗೆ ಬಂದ ಮೇಲೆ ಎಷ್ಟೋ ಅಡ್ವಾನ್ಸ್‌ಗಳು ತಾವಾಗಿಯೇ ಹಿಂದಿರುಗಿವೆ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ, ಅಂದರೆ ತೀರ್ಪಿನಷ್ಟೇ, ಬಲವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ, ಉಳಿದವರಿಗೆ ಆದಾಯ ಮಿತಿಯಿದೆ. ಮಾಹಿತಿಗೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ.

ಹೋಗುವಾಗ ಕರಾರು ಪ್ರತಿ, ಹಣ ಸಂದಾಯದ ಬ್ಯಾಂಕ್ ವಿವರ, ಎರಡೂ ವಿಡಿಯೊ, ವಾಟ್ಸ್‌ಆ್ಯಪ್ ಸಂಭಾಷಣೆಯ ಮುದ್ರಿತ ಪ್ರತಿ, ಪತ್ರ ಮತ್ತು ಅಂಚೆ ರಶೀದಿ ಒಯ್ಯಿರಿ. ಸಂಭಾಷಣೆ ಇರುವ ಮೊಬೈಲನ್ನು ಆ ನಡುವೆ ಮಾರಬೇಡಿ, ಸಂದೇಶಗಳನ್ನು ಅಳಿಸಬೇಡಿ.

ಹಂತ 10: ಹೊರಟ ಮೇಲೆ

ಗೃಹಜ್ಯೋತಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಆ ಮನೆಯ ಆರ್.ಆರ್. ಸಂಖ್ಯೆಯಿಂದ (ವಿದ್ಯುತ್ ಬಿಲ್‌ನಲ್ಲಿರುವ ಸಂಪರ್ಕದ ಸಂಖ್ಯೆ) ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಹೊಸ ಮನೆಗೆ ಅರ್ಜಿ ಹಾಕಲು ಬರುವುದಿಲ್ಲ. ಅಡುಗೆ ಅನಿಲದ ಸಂಪರ್ಕ, ಬ್ಯಾಂಕ್, ಕಾಲೇಜು, ವಿದ್ಯಾರ್ಥಿವೇತನದ ಅರ್ಜಿ ಇವುಗಳಲ್ಲಿ ವಿಳಾಸ ಬದಲಿಸಿ. ಕರಾರು ಪತ್ರವನ್ನೂ ವಿಡಿಯೊಗಳನ್ನೂ ಅಡ್ವಾನ್ಸ್ ಪೂರ್ತಿ ಕೈಸೇರಿದ ಮೇಲೂ ಮೂರು ವರ್ಷ ಇಟ್ಟುಕೊಳ್ಳಿ. ಹಳೆಯ ಬಿಲ್ ಬಾಕಿ ಎಂದು ಯಾರಾದರೂ ಕರೆ ಮಾಡಿದರೆ ಅವು ಬೇಕಾಗುತ್ತವೆ. ನೀವು ಬಿಟ್ಟ ಮನೆಗೆ ಹೊಸದಾಗಿ ಬರುವ ವಿದ್ಯಾರ್ಥಿಗಳು ವಿಚಾರಿಸಿದರೆ, ನೀರು ಹೇಗೆ, ಅಡ್ವಾನ್ಸ್ ಎಷ್ಟು ದಿನಕ್ಕೆ ಬಂತು ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿ.